ಸರಕಾರಿ ಸಾಫ್ಟ್‌ವೇರು ಮತ್ತು ನಮ್ಮ ದೊಡ್ಡವ್ವ

ಮದುವೆ ಮನೆಯ ಅಡುಗೆಯವರು ಬೀಗರಿಗೆ ಹೆದರುವುದಿಲ್ಲ, ನಮ್ಮ ದೊಡ್ಡವ್ವನಿಗೆ ಹೆದರುತ್ತಾರೆ! ಅವ್ವನ ಅಕ್ಕ ಈಕೆ, ಕೊಣ್ಣೂರಿನವಳು. ಏನು ಬಡಿಸಿದರೂ ಹೇಗೆ ಮಾಡಿದ್ದೆಂದು ತಿಳಿಯದೆ ತುತ್ತು ಎತ್ತುವುದಿಲ್ಲ. ಗಜೇಂದ್ರಗಡದ ಒಂದು ಮದುವೆಯಲ್ಲಿ ಪಂಕ್ತಿಯಿಂದೆದ್ದು ಸೀದಾ ಅಡುಗೆಯವನ ಮುಂದೆ ನಿಂತಳು.

"ಮಾದಲಿಗೆ ಏನೇನ್ ಹಾಕೀರಿ?"

"ಅದು ನಮ್ಮ ಗುಟ್ಟರೀ, ಹೇಳಾಂಗಿಲ್ಲ."

"ಹೇಳಾಂಗಿಲ್ಲಂದ್ರ ಉಣ್ಣಾಂಗಿಲ್ಲ!"

ಬರೀ ಮಜ್ಜಿಗೆ ಕುಡಿದು ಬಂದಳು. ಅನುಮಾನ ಹತ್ತಿ ಅರ್ಧ ಪಂಕ್ತಿ ಆ ಮಾದಲಿಯ ಸಿಹಿ ಮುಟ್ಟಲಿಲ್ಲ. ತನ್ನ ಕೈಯಡುಗೆಯನ್ನು ಮಾತ್ರ ಕೇಳದವರಿಗೂ ಹೇಳಿಕೊಡುತ್ತಾಳೆ. ಶೇಂಗಾ ಚಟ್ನಿಯ ವಿವರ ಮುಗಿಯದೆ, ರೋಣದಲ್ಲಿ ಇಳಿಯಬೇಕಾದ ಹೆಂಗಸೊಬ್ಬಳು ಅದೇ ಬಸ್ಸಿನಲ್ಲಿ ಗಜೇಂದ್ರಗಡ ಮುಟ್ಟಿದ್ದುಂಟು!

ಹೋದ ವರ್ಷ ಮಲಪ್ರಭೆ ಉಕ್ಕಿ ಅವಳ ಮನೆಯೊಳಗೇ ಬಂದಳು. ಹಿಂದಿನ ಗೋಡೆ ಬಿತ್ತು. ನಡುವಿನದು ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ದೊಡ್ಡವ್ವ ನರಗುಂದಕ್ಕೆ, ನಮ್ಮ ಮನೆಗೆ ಬಂದಳು. ಸಮೀಕ್ಷೆಯವರು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋದರು. ಹೊಸ ಮನೆ ಕೊಡಬೇಕೋ ಬೇಡವೋ ಎಂದು ಈಗ ಮನುಷ್ಯರು ಹೇಳುವುದಿಲ್ಲ, ಸಾಫ್ಟ್‌ವೇರು ಹೇಳುತ್ತದೆ. ಅದು ಹೇಳಿತು: ವಾಸಕ್ಕೆ ಯೋಗ್ಯ.

ದೊಡ್ಡವ್ವ ನನ್ನನ್ನು ಎಳೆದುಕೊಂಡು ಕಚೇರಿಗೆ ಹೋದಳು. "ಇದನ್ನ ಹ್ಯಾಂಗ ಠರಾಯಿಸಿದ್ರಿ?"

"ನಾವಲ್ರೀ ಅಮ್ಮಾ, ಸಾಫ್ಟ್‌ವೇರು" ಅಂದ ಗುಮಾಸ್ತ.

"ಅದರಾಗ ಏನೇನ್ ಹಾಕ್ಯಾರ, ತಗದ ತೋರಸ್ರಿ."

"ಅದು ಕಂಪನಿಯವರ ಗುಟ್ಟರೀ. ನಮಗೂ ತೋರಸಾಂಗಿಲ್ಲ."

"ಮಾಡಿಸಿದ ರೊಕ್ಕ ಯಾರದು?"

"ಸರಕಾರದ್ದು."

"ಸರಕಾರದ ರೊಕ್ಕ ಯಾರದು?"

ಗುಮಾಸ್ತ ಫ್ಯಾನಿನ ಕಡೆ ನೋಡಿದ. ಅದೂ ತಿರುಗುತ್ತಿರಲಿಲ್ಲ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಸುಮ್ಮನಿರಬಹುದಿತ್ತಲ್ಲ? ದಾರಿಯಲ್ಲೇ ಪಾಠ ಶುರುಮಾಡಿದೆ. "ಎಲ್ಲಾ ತೆರದಿಟ್ರ ಕಳ್ಳರು ನೋಡಿ ಮೋಸ ಮಾಡ್ತಾರ, ದೊಡ್ಡವ್ವಾ. ತೋರಿಸಿದ್ರೂ ನಿನಗೇನ್ ತಿಳೀತೈತಿ?"

"ನನಗ ತಿಳೀದಿದ್ರ ನಿನಗ ತಿಳೀತೈತಿ. ನಿನಗ ತಿಳೀದಿದ್ರ ಮತ್ತೊಬ್ಬರಿಗೆ. ಮುಚ್ಚಿಟ್ರ ಯಾರಿಗೆ ತಿಳೀಬೇಕೋ? ಕಳ್ಳರ ಸಲುವಾಗಿ ನನ್ನ ಯಾಕ ಹೊರಗ ನಿಂದ್ರಸ್ತೀರಿ?"

ಮನೆ ಮುಟ್ಟಿದೊಡನೆ ಕಾಗದ, ಪೆನ್ನು ತೆಗೆದೆ.

ಮತ್ತೆ ಅರ್ಜಿ ಹಾಕಿದೆವು. ಮತ್ತೆ ಫೋಟೊ, ಮತ್ತೆ ಅದೇ ಮಾತು. ಮುಂದಿನ ಗೋಡೆ ಸುಣ್ಣ ಬಳಿದುಕೊಂಡು ನೆಟ್ಟಗಿದೆ, ಸಾಫ್ಟ್‌ವೇರು ಅದನ್ನಷ್ಟೇ ನೋಡಿರಬೇಕು ಎಂದು ನನ್ನ ಅನುಮಾನ. ಖಾತ್ರಿ ಮಾಡಿಕೊಳ್ಳಲು ಅದರೊಳಗೆ ಇಣುಕಲು ಬಿಡಬೇಕಲ್ಲ! ವಾರ ಕಳೆದು ಒಂದು ಬೆಳಿಗ್ಗೆ ದೊಡ್ಡವ್ವ ಗಂಟು ಕಟ್ಟಿದಳು.

"ಯೋಗ್ಯ ಐತಿ ಅಂತ ಸರಕಾರನ ಹೇಳೇತಿ. ಇನ್ನ ನಿಮ್ಮನ್ಯಾಗ ಕುಂತ್ರ ಮಂದಿ ಏನಂದಾರು?"

ಎಷ್ಟು ಹೇಳಿದರೂ ಕೇಳಲಿಲ್ಲ, ಹೋದಳು. ಸಂಜೆ ಮನಸ್ಸು ತಡೆಯದೆ ನಾನೂ ಕೊಣ್ಣೂರಿಗೆ ಹೋದೆ. ಮೋಡ ಕಟ್ಟಿತ್ತು. ಆ ಉಬ್ಬಿದ ಗೋಡೆಯ ಬುಡದಲ್ಲೇ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು.

"ಅಲ್ಲೇ ನಿಂದ್ರು! ಬಾಗಲ್ದಾಗ ಕುಂಡ್ರು, ಅಲ್ಲೇ ರೊಟ್ಟಿ ಕೊಡ್ತೀನಿ. ಒಳಗ ಬರಬ್ಯಾಡ. ಈ ಗ್ವಾಡಿ ಇನ್ನೊಂದ ಮಳಿ ತಡಿಯಾಂಗಿಲ್ಲ."

"ಮತ್ತ ನೀ?"

"ನನಗ ಯೋಗ್ಯ ಐತಲ್ಲೋ!" ಅಂದು ನಕ್ಕಳು.

ನನಗೆ ನಗು ಬರಲಿಲ್ಲ, ಹೆದರಿಕೆ ಬಂತು. ಸೀದಾ ಒಳಗೆ ಹೋಗಿ ಅವಳ ಪಕ್ಕದಲ್ಲಿ, ಆ ಗೋಡೆಗೆ ಒರಗಿ ಕೂತೆ. "ಏಳೋ" ಅಂದಳು. ಬೈದಳು. ಹೊಡೆಯಲು ಕೈ ಎತ್ತಿದಳು. ನಾನು ಏಳಲಿಲ್ಲ. ಕೊನೆಗೆ ಒಲೆಗೆ ನೀರು ಸುರಿದು, ನನ್ನ ತೋಳು ಹಿಡಿದು ಎಳೆದುಕೊಂಡು ಅಂಗಳಕ್ಕೆ ಬಂದಳು.