ನಕ್ಷೆಯ ಮೇಲೊಂದು ಹಸಿರು ಚುಕ್ಕೆ

ಆಕ್ಲೆಂಡಿನಲ್ಲಿದ್ದ ಮಗಳು ಲುಪೆ ಹೆತ್ತು ಮೂರು ದಿನವಾಗಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ವಿಡಿಯೊದಲ್ಲಿ ಮಗುವನ್ನು ತೋರಿಸುತ್ತೇನೆಂದು ಸಂದೇಶ ಕಳಿಸಿದ್ದಳು. ಸವಾಯಿ ದ್ವೀಪದ ಫೆರೆಟಿಗೆ ಇದು ಮೊದಲ ಮೊಮ್ಮಗು. ಅವನ ಮನೆಯಲ್ಲಿ ಸಿಗ್ನಲ್ಲೋ, ಅಳಿಯನ ಹಾಗೆ ಹಬ್ಬಕ್ಕೊಮ್ಮೆ ಬಂದರೆ ಹೆಚ್ಚು.

ಬಸ್ಸಿನ ಡ್ರೈವರ್ ಅವನ ಫೋನಿಗೊಂದು ನಕ್ಷೆ ಹಾಕಿಕೊಟ್ಟಿದ್ದ. ಎಲ್ಲೆಲ್ಲಿ ವೈಫೈ ಸಿಗುತ್ತದೆಂದು ಜನರೇ ಚುಕ್ಕೆಯಿಟ್ಟು ತಿಳಿಸುವ ನಕ್ಷೆ. ಬೆಳಿಗ್ಗೆ ತೆರೆದರೆ, ಊರಿನ ಮುಖಂಡ ತುಯಾಸಾನ ಅಂಗಳದ ಮೇಲೆ ಹಸಿರು ಚುಕ್ಕೆ!

"ಕೂತ್ಕೊಳ್ಳಯ್ಯ, ಅದಕ್ಕೇನಂತೆ" ಎಂದ ತುಯಾಸಾ, ಫೆರೆಟಿ ಹೋಗಿ ಕೇಳಿದಾಗ.

ದೀವಿಹಲಸಿನ ಮರದಡಿ ಕೂತದ್ದೇ ತಡ, ಫೋನಿಗೆ ರೆಕ್ಕೆ ಬಂತು. ಫೆರೆಟಿ ಬೆರಗಾದ. ಮುಖ ಕಾಣದ ಯಾವನೋ ಪುಣ್ಯಾತ್ಮ, ಗುರುತಿಲ್ಲದ ಯಾರಿಗೋ ಎಂದು ಇಟ್ಟುಹೋದ ಚುಕ್ಕೆ! ಅವನ ಕಣ್ಣು ಒದ್ದೆಯಾಯಿತು. ಆ ಪುಣ್ಯದಲ್ಲಿ ತನ್ನದೂ ಪಾಲಿರಲೆಂದು ಐದು ನಕ್ಷತ್ರ ಕೊಟ್ಟು ಬರೆದ: "ಸ್ವರ್ಗ ಇಲ್ಲೇ ಇದೆ. ಎಲ್ಲರೂ ಬನ್ನಿ. ಇಂತಿ ಫೆರೆಟಿ."

ಬಂದರು. ಹನ್ನೊಂದರ ಹೊತ್ತಿಗೆ ಮೂರು ಊರಿನ ಜನ, ಒಂದು ಬಸ್ಸು ತುಂಬ. ಮುಂದಿನ ಸಾಲಿನಲ್ಲಿ ತನ್ನದೇ ಫೋನು ಹಿಡಿದ ಅವನ ಹೆಂಡತಿ ಸಿನಿವಾ.

"ಇವರನ್ನೆಲ್ಲ ಕರೆದೋನು ಯಾರಪ್ಪ?" ತುಯಾಸಾ ಕೇಳಿದ.

"ಯಜಮಾನ್ರೆ, ನಾನು ಸುಮ್ನೆ ಬರೆದೆ ಅಷ್ಟೆ..."

"ಬನ್ನಿ ಅಂತ ತಾನೆ ಬರೆದಿದ್ದು? ನಮ್ಮಲ್ಲಿ ಕರೆದೋನೇ ಉಣ್ಣಿಸ್ಬೇಕು. ಹೋಗು, ನಿನ್ನ ಹಂದಿ ತಗೊಂಡ್ ಬಾ."

ಹಂದಿಗೆ ಸುದ್ದಿ ಹೇಗೆ ಮುಟ್ಟಿತೋ, ಫೆರೆಟಿಯನ್ನು ಚರ್ಚಿನ ಸುತ್ತ ಮೂರು ಸಲ ಓಡಿಸಿತು. ಅದನ್ನು ಹೊತ್ತು ಏದುಸಿರು ಬಿಡುತ್ತ ಬಂದಾಗ ಹನ್ನೆರಡೂವರೆ.

"ಎಲ್ ಹಾಳಾಗ್ ಹೋಗಿದ್ರಿ? ಈಗಷ್ಟೇ ತೋರಿಸಿದ್ಲು. ಮಗು ಥೇಟ್ ನಿಮ್ ಹಾಗೇ ಇದೆ ಕಣ್ರೀ!" ಎಂದಳು ಸಿನಿವಾ.

"ಮೂಗಂತೂ ನಿನ್ದೇ ಬಿಡಪ್ಪ" ಎಂದ ಬಸ್ ಡ್ರೈವರ್.

ಗುರುತಿಲ್ಲದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಊರಿಗೆ ಊರೇ ಮಗುವನ್ನು ನೋಡಿತ್ತು, ತಾತನೊಬ್ಬನನ್ನು ಬಿಟ್ಟು. ಮಗು ಈಗ ಮಲಗಿದೆ, ಇನ್ನು ನಾಳೆ ಹನ್ನೆರಡಕ್ಕೇ ಅಂತೆ.

ನಾಲ್ಕಕ್ಕೆ ಎಲ್ಲರೂ ಉಂಡು ತೇಗಿ ಹೋದರು. ಫೋನಿಗೆ ಮತ್ತೆ ರೆಕ್ಕೆ ಬಂತು. ತಾನು ಬರೆದುದನ್ನು ಅಳಿಸಿಬಿಟ್ಟರೆ ನಾಳೆ ನೆಮ್ಮದಿಯಾಗಿ ಒಬ್ಬನೇ ಕೂತು ನೋಡಬಹುದೆಂದು ಫೆರೆಟಿ ನಕ್ಷೆ ತೆರೆದ. ಅವನು ಬರೆದುದರ ಕೆಳಗೆ ನಲವತ್ತು ಹೊಸ ಮಾತುಗಳಿದ್ದವು. ಎಲ್ಲಕ್ಕೂ ಐದೈದು ನಕ್ಷತ್ರ.

ಮೊದಲನೆಯದು: "ನೆಟ್‌ವರ್ಕ್ ಸುಮಾರು. ಹಂದಿ ಅದ್ಭುತ. ನಾಳೆ ಹನ್ನೆರಡಕ್ಕೆ ಸಂಸಾರ ಸಮೇತ ಬರ್ತೀವಿ."