ಮಡಿಯಲ್ಲಿ ಕೇಳಿದ ಮೇಲಿನ ಸಾ

ಕೈ ಸ್ವಚ್ಛ ಇದ್ದಾಗ ನನಗೆ ಯಾರಾದರೂ ಫೋನು ಮಾಡಿದ್ದು ನೆನಪಿಲ್ಲ. ಹಿಟ್ಟು ನಾದುವಾಗ, ಮೆಂತ್ಯದ ಸೊಪ್ಪು ಸೋಸುವಾಗ, ಇಲ್ಲವೇ ಏಕಾದಶಿಯ ಹಿಂದಿನ ದಿನ ದೇವರ ಪಾತ್ರೆ ತಿಕ್ಕುವಾಗಲೇ ಜಗತ್ತಿಗೆ ನನ್ನ ನೆನಪಾಗುತ್ತದೆ. ಅವತ್ತೂ ಹಾಗೇ ಆಯಿತು. ಸವಣೂರಿನ ನಮ್ಮ ಮನೆಯ ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ಆರತಿ ತಟ್ಟೆ ತಿಕ್ಕುತ್ತಿದ್ದೆ. ಫೋನು ಹೊಡೆದುಕೊಂಡಿತು. ಮೊಣಕೈಯಿಂದ ಅದನ್ನು ಒತ್ತಿ, ತಲೆ ಬಾಗಿಸಿ ಕಿವಿಗೆ ಹಚ್ಚಿದೆ. ಆಚೆ ನನ್ನ ಅಕ್ಕ ವನಮಾಲಾ, ಹಾನಗಲ್ಲಿನಿಂದ.

"ಪದ್ದಿ, ರೇಡಿಯೋದವರು ಕರದಾರವಾ. ನಾಡದು ಮುಂಜಾನೆ ಏಳಕ್ಕ. ಮೊದಲ ಮಾತುಕತಿ, ಆಮ್ಯಾಲ ಹಾಡು. ಎಲ್ಲಾ ನೇರ ಪ್ರಸಾರ."

ಇದು ಎಷ್ಟು ದೊಡ್ಡ ಸುದ್ದಿ ಎಂಬುದು ತಿಳಿಯಬೇಕಾದರೆ ಅಕ್ಕನ ಗಂಟಲಿನ ಕಥೆ ಹೇಳಬೇಕು. ನಮ್ಮ ಮನೆತನದಲ್ಲಿ ಸಂಗೀತ ಬಂದದ್ದು ಅವಳೊಬ್ಬಳಿಗೆ. ನಾನು ಹಾಡಿದರೆ ದೇವರೂ ಬೇಗ ನೈವೇದ್ಯ ಸ್ವೀಕರಿಸಿ ಮುಗಿಸುತ್ತಾನೆ. ಅಕ್ಕ ಮೊದಲೂ ರೇಡಿಯೋದಲ್ಲಿ ಹಾಡಿದ್ದಳು. ಹೋದ ವರ್ಷ ಅವಳ ಕುತ್ತಿಗೆಯಲ್ಲಿ ಥೈರಾಯ್ಡಿನ ಗಂಟು ಆಗಿ ಆಪರೇಷನ್ ಮಾಡಬೇಕಾಯಿತು. ಗಂಟು ಹೋಯಿತು, ಅದರ ಜೊತೆಗೆ ಮೇಲಿನ ಸಾ ಕೂಡ ಹೋಯಿತು. ಕೆಳಗಿನ ಸ್ವರಗಳೆಲ್ಲ ಮನೆಯಲ್ಲೇ ಇದ್ದವು, ಮೇಲಿನ ಸಾ ಮಾತ್ರ ಸಿಟ್ಟಾಗಿ ತವರಿಗೆ ಹೋದ ಸೊಸೆಯ ಹಾಗೆ ಕರೆದರೂ ಬರಲೊಲ್ಲದು. ಅಕ್ಕ ತಂಬೂರಿಗೆ ಗವಸು ಹಾಕಿ ಮೂಲೆಗಿಟ್ಟಿದ್ದಳು. ಈಚೆಗೆ ಮತ್ತೆ ಗವಸು ತೆಗೆದಿದ್ದಾಳೆಂದು ಗೊತ್ತಿತ್ತು. ರೇಡಿಯೋದ ತನಕ ಬಂದದ್ದು ಗೊತ್ತಿರಲಿಲ್ಲ.

"ನೀ ಕೇಳಬೇಕು ಪದ್ದಿ," ಎಂದಳು. "ಕೇಳಿ ಖರೇ ಹೇಳಬೇಕು. ನಾನೊಂದು ನಿರ್ಧಾರ ಮಾಡೇನಿ. ಮೇಲಿನ ಸಾ ನಿಂತ್ರ ಹಾಡ್ತೇನಿ, ನಿಲ್ಲಲಿಲ್ಲಂದ್ರ ತಂಬೂರಿ ಯಾರರೆ ಕಲಿಯೋ ಹುಡುಗಿಗೆ ಕೊಟ್ಟುಬಿಡ್ತೇನಿ."

"ನನಗೇನು ತಿಳೀತದ ಅಕ್ಕಾ? ನಿಮ್ಮ ಕಡೆ ಸಂಗೀತ ತಿಳಿದವರು ಅಷ್ಟು ಮಂದಿ ಇದ್ದಾರಲ್ಲ."

"ಅವರೆಲ್ಲಾ ಭಾಳ ಛಂದ ಅಂತಾರ. ನನ್ನ ಕುತ್ತಿಗಿ ಮ್ಯಾಲಿನ ಹೊಲಿಗಿ ನೋಡಿದವರು ಯಾರೂ ಛಂದಿಲ್ಲ ಅನ್ನೂದಿಲ್ಲ. ನಿನಗ ರಾಗ ತಿಳಿಯೂದಿಲ್ಲ, ಆದ್ರ ನಡುಗೂದು ನಿಲ್ಲೂದು ತಿಳೀತದ. ಮತ್ತ ನಿನ್ನ ನಾಲಿಗಿಗೆ ಸಕ್ಕರಿ ಹಚ್ಚೂದು ಗೊತ್ತಿಲ್ಲ."

ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ನಾಡಿದ್ದು ಎಂದರೆ ದ್ವಾದಶಿ. ಏಕಾದಶಿಯ ನಿರಾಹಾರ ಮುಗಿಸಿ ಮುಂಜಾನೆಯೇ ಪಾರಣೆ ಆಗಬೇಕು. ಪಂಚಾಂಗದ ಪ್ರಕಾರ ಎಂಟೂವರೆಯೊಳಗೆ ಊಟ. ಅಂದರೆ ಸರಿಯಾಗಿ ಏಳಕ್ಕೆ ನಾನು ಮಡಿಯುಟ್ಟು ಒಲೆಯ ಮುಂದೆ ಇರುತ್ತೇನೆ. ಆಗ ತೊಗಲು, ಮೈಲಿಗೆಯ ಬಟ್ಟೆ, ಸ್ನಾನ ಮಾಡದವರು, ಏನನ್ನೂ ಮುಟ್ಟುವ ಹಾಗಿಲ್ಲ. ನಮ್ಮ ಮನೆಯ ರೇಡಿಯೋ ಮಾವನವರ ಕಾಲದ್ದು. ಅದಕ್ಕೆ ಕಂದು ಬಣ್ಣದ ತೊಗಲಿನ ಅಂಗಿ, ಎದೆಯ ಮೇಲೆ ಗುಂಡಿ ಬೇರೆ.

ಆದರೂ ಕೇಳಿಯೇ ತೀರುವುದೆಂದು ಗಟ್ಟಿ ಮಾಡಿದೆ. ಹರಿಯ ವ್ರತವೂ ತಪ್ಪಬಾರದು, ಅಕ್ಕನ ಹಾಡೂ ತಪ್ಪಬಾರದು. ಎರಡೂ ಅವನದೇ ಕೆಲಸ ಎಂದ ಮೇಲೆ ದಾರಿಯೂ ಅವನೇ ತೋರಿಸಬೇಕು. ಅವನು ತೋರಿಸಿದ್ದು ನಮ್ಮ ಅತ್ತೆಯವರ ಮುಖಾಂತರ.

ಅತ್ತೆಗೆ ಎಂಬತ್ತು ದಾಟಿದೆ. ಮಡಿಯ ವಿಷಯದಲ್ಲಿ ನಮ್ಮ ಮನೆಗೆ ಅವರೇ ಸುಪ್ರೀಮ್ ಕೋರ್ಟು. "ಅತ್ತಿ, ರೇಡಿಯೋ ಅಡಿಗಿಮನಿಯೊಳಗ ಇಟ್ಟುಕೊಳ್ಳಲೇನ್ರಿ?" ಎಂದು ಕೇಳಿದೆ.

"ಅದನ್ನ ತೊಳೀಲಿಕ್ಕೆ ಬರ್ತದೇನು?"

"ತೊಳದ್ರ ಹಾಡೂದಿಲ್ರಿ."

"ಹಂಗಾರ ಒಳಗ ಬ್ಯಾಡ. ಕಿಡಕಿಯೊಳಗ ಇರಲಿ. ಆ ತೊಗಲಿನ ಅಂಗಿ ಬಿಚ್ಚಿಡು. ಸಣ್ಣದು ದೊಡ್ಡದು ಮಾಡಬೇಕಂದ್ರ ಮಡಿಕೋಲಿಲೆ ತಿರುವು."

ಮಡಿಕೋಲೆಂದರೆ, ಮಡಿ ಸೀರೆಯನ್ನು ಯಾರಿಗೂ ತಾಗದ ಹಾಗೆ ಮೇಲಿನ ಗಳಕ್ಕೆ ಏರಿಸುವ ಉದ್ದ ಕೋಲು. ಅದರಿಂದ ರೇಡಿಯೋದ ಗುಂಡಿ ತಿರುಗಿಸಬಹುದೆಂದು ಯಾವ ಆಚಾರ್ಯರಿಗೂ ಹೊಳೆದಿರಲಿಕ್ಕಿಲ್ಲ. ಅತ್ತೆಗೆ ಹೊಳೆಯಿತು. ಏಕಾದಶಿಯ ದಿನವಿಡೀ, ಹೊಟ್ಟೆಯಲ್ಲಿ ಬರೀ ತೀರ್ಥ ಇಟ್ಟುಕೊಂಡು, ಮಾರು ದೂರ ನಿಂತು ಕೋಲಿನಿಂದ ಗುಂಡಿ ತಿರುಗಿಸುವ ಅಭ್ಯಾಸ ಮಾಡಿದೆ. ಮೊದಲು ರೇಡಿಯೋ ಮಕಾಡೆ ಬಿತ್ತು. ಆಮೇಲೆ ಕೈ ಕುದುರಿತು.

ನಮ್ಮವರು ಹುಲಗೂರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಅವರಿಗೆ ಈ ಸರ್ಕಸ್ಸು ನಗೆಪಾಟಲು. "ಈಗ ರೇಡಿಯೋ ಫೋನಿನಾಗ ಬರ್ತದ. ಭಾಳ ಸಾಫ್ ಕೇಳಸ್ತದ. ನಾನು ರೆಕಾರ್ಡನೂ ಮಾಡ್ತೇನಿ," ಎಂದರು. ಅವರು ರೆಕಾರ್ಡ್ ಮಾಡಿದ ಮಗನ ಮುಂಜಿವೆಯಲ್ಲಿ ಮಂತ್ರದ ಬದಲು ಅವರ ಅಂಗೈಯೇ ಕಾಣುತ್ತದೆ. ನಾನು ಕೋಲನ್ನೇ ನಂಬಿದೆ.

ದ್ವಾದಶಿಯ ಮುಂಜಾನೆ ಅಗಸೆಸೊಪ್ಪು ಹೆಚ್ಚಿ, ನೆಲ್ಲಿಕಾಯಿ ಚಟ್ನಿ ರುಬ್ಬಿ, ತೊಗರಿಬೇಳೆ ಕುಕ್ಕರಿಗೆ ಇಡುವ ಹೊತ್ತಿಗೆ ಕಿಟಕಿಯಲ್ಲಿ ಅಕ್ಕನ ಹೆಸರು ಬಂತು. ಮೇಲಿನ ಸಾ ಕೊನೆಗೆ ಬರುತ್ತದೆಂದು ಅಕ್ಕ ಹೇಳಿದ್ದಳು. ಅಷ್ಟರಲ್ಲಿ ಕುಕ್ಕರು ತನ್ನ ಸೀಟಿ ಮುಗಿಸಿರುತ್ತದೆ ಎಂಬುದು ನನ್ನ ಲೆಕ್ಕ. ನಡುಮನೆಯಲ್ಲಿ ನಮ್ಮವರೂ ಫೋನು ಹಚ್ಚಿದರು. ಆಗಲೇ ತಿಳಿದದ್ದು, ಫೋನಿನ ರೇಡಿಯೋ ಕಿಟಕಿಯ ರೇಡಿಯೋಗಿಂತ ಅರ್ಧ ನಿಮಿಷ ಹಿಂದೆ ಬರುತ್ತದೆ ಎಂದು. ಅಡಿಗೆಮನೆಯಲ್ಲಿ ಅಕ್ಕ ಆಪರೇಷನ್ನಿನ ಬಗ್ಗೆ, "ಮೊದಲ ಭಾಳ ಹೆದರಿಕಿ ಇತ್ತು, ಡಾಕ್ಟರು ಧೈರ್ಯ ಹೇಳಿದ ಮ್ಯಾಲ ಸುಮ್ಮನ ಮಲಕೊಂಡೆ" ಎಂದಳು. ಅದೇ ಹೊತ್ತಿಗೆ ನಡುಮನೆಯಲ್ಲಿ ಅಕ್ಕನನ್ನು ಮಾತಾಡಿಸುತ್ತಿದ್ದ ರೇಡಿಯೋದ ಮಹಿಳೆ, "ಮದುವೆಯ ಹೊಸದರಲ್ಲಿ ಹೇಗಿತ್ತು?" ಎಂದು ಕೇಳಿದರು. ನಡುವಿನ ಬಾಗಿಲಲ್ಲಿ ಕುಳಿತ ಅತ್ತೆ ಎರಡನ್ನೂ ಕೂಡಿಸಿ ಕೇಳಿ ಕೆಂಪಾದರು.

"ಏ ಮಾಸ್ತರ, ಎರಡೆರಡು ವನಮಾಲಾ ಬ್ಯಾಡಪಾ ಮನಿಯಾಗ! ಸಣ್ಣಗ ಮಾಡು!"

ನಮ್ಮವರು ದನಿ ಸಣ್ಣ ಮಾಡಿ ಫೋನನ್ನು ಕಿವಿಗೆ ಹಚ್ಚಿಕೊಂಡು ಕುಳಿತರು. ನಾನೂ ಆ ಫೋನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ.

ಹಾಡು ಸುರುವಾಯಿತು. ರಾಗ ಭೈರವ ಎಂದರು. ನನಗೆ ಅದು ಅಕ್ಕ ಎಂದಷ್ಟೇ ಗೊತ್ತಾಗುವುದು. ದನಿ ಮೊದಲಿಗಿಂತ ಒಂಚೂರು ದಪ್ಪವಾಗಿತ್ತು, ಹೆಚ್ಚು ಕುದಿಸಿದ ಹಾಲಿನ ಹಾಗೆ. ನಾನು ಕೋಲು ಹಿಡಿದು ನಿಂತೆ. ಸಿಲಿಂಡರು ಮುಗಿಯಲು ಬಂದಿತ್ತೋ ಏನೋ, ಉರಿ ಸಣ್ಣಗಾಗಿ ಕುಕ್ಕರು ಸೀಟಿ ಹೊಡೆಯದೆ ಮೊಂಡು ಬಿದ್ದಿತ್ತು. ಹೊಡೆಯದಿದ್ದರೆ ಬೇಡ, ಬೇಳೆ ಎಲ್ಲಿ ಹೋಗುತ್ತದೆ ಎಂದು ಬಿಟ್ಟೆ. ಹಾಡು ಜಲದಿಗೆ, ಓಡುವ ಲಯಕ್ಕೆ ಬಂತು. ಅಕ್ಕ ಮೆಟ್ಟಿಲು ಹತ್ತಿದ ಹಾಗೆ ಹತ್ತಿದಳು. ಮೇಲಿನ ಸಾಗೆ ಕೈ ಹಾಕಿದಳು. ದನಿ ನಡುಗಿತು. ಹರಿಯೇ, ನಿಲ್ಲಿಸಪ್ಪಾ ಎಂದೆ.

ಅಷ್ಟರಲ್ಲಿ ಕುಕ್ಕರು ಸೀಟಿ ಹೊಡೆಯಿತು.

ಎಂಥಾ ಸೀಟಿ ಅಂತೀರಿ! ಮುಂಜಾನೆಯಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಒಮ್ಮೆಲೇ ತೀರಿಸಿಕೊಂಡ ಹಾಗೆ. ಗ್ಯಾಸು ಬಂದ್ ಮಾಡಿದರೂ ಅದು ಬಾಯಿ ಮುಚ್ಚಲಿಲ್ಲ. ಮುಚ್ಚಿದಾಗ ಕಿಟಕಿಯಲ್ಲಿ ತಬಲಾ ಮಾತ್ರ ಇತ್ತು. ಸಾ ನಿಂತಿತೋ, ಮುರಿಯಿತೋ? ಆಗ ಹೊಳೆಯಿತು: ನಡುಮನೆಯಲ್ಲಿ ಆ ಸಾ ಇನ್ನೂ ಬಂದಿಲ್ಲ!

ಕೋಲು ಒಗೆದು ಓಡಿದೆ. ಅತ್ತೆಯ ಕಾಲು ದಾಟಿ, ನಮ್ಮವರ ಕಿವಿಯಿಂದ ಫೋನು ಕಸಿದುಕೊಂಡು ನನ್ನ ಕಿವಿಗೆ ಒತ್ತಿದೆ. ಅಕ್ಕ ಅಲ್ಲಿ ಇನ್ನೂ ಮೆಟ್ಟಿಲು ಹತ್ತುತ್ತಿದ್ದಳು. ಹತ್ತಿದಳು. ಕೈ ಹಾಕಿದಳು. ನಡುಗಿತು. ಆಮೇಲೆ ನಿಂತಿತು. ಗಾಳಿಯಿಲ್ಲದ ಗರ್ಭಗುಡಿಯ ನಂದಾದೀಪದ ಹಾಗೆ ನಿಂತಿತು. ನನ್ನ ಕಣ್ಣೀರು ಫೋನಿನ ಮೇಲೆ ಬಿತ್ತು. ಆಗ ನೋಡಿದೆ, ಫೋನಿಗೂ ತೊಗಲಿನ ಅಂಗಿ.

"ಮಡಿ ಹೋತು," ಎಂದರು ನಮ್ಮವರು, ಲೆಕ್ಕದ ಉತ್ತರ ಹೇಳಿದ ಹಾಗೆ.

"ರೆಕಾರ್ಡ್ ಆತೇನ್ರಿ?"

"ಜಾಗಾ ಇಲ್ಲ ಅಂತ ತೋರಸ್ತು."

ಅತ್ತೆಯ ಮುಖ ನೋಡಲು ಧೈರ್ಯ ಸಾಲಲಿಲ್ಲ. ಅವರು ನಿಧಾನ ಸೆರಗು ಸರಿಮಾಡಿಕೊಂಡು ಕೇಳಿದರು: "ನಿಂತ್ತೇನು?"

"ನಿಂತ್ತು ಅತ್ತಿ."

"ಹಂಗಾರ ಹೋಗು, ಇನ್ನೆರಡು ತಂಬಿಗಿ ನೀರು ಸುರಕೊಂಡು ಬಾ. ಗಳದ ಮ್ಯಾಲ ಇನ್ನೊಂದು ಮಡಿ ಸೀರಿ ಅದ. ಬ್ಯಾಳಿಯೇನು ನಿನ್ನ ಹಂಗ ಓಡಿಹೋಗಿಲ್ಲ, ಅಲ್ಲೇ ಅದ."

ಎಂಟೂವರೆಗೆ ಮೊದಲೇ ಎಲೆ ಹಾಕಿದೆ. ಇಬ್ಬರೂ ಉಂಡರು. "ಭಾಳ ಛಂದ ಆಗ್ಯದ," ಎಂದರು ನಮ್ಮವರು. ಅವರು ಕೈ ತೊಳೆಯುವಾಗ ಅಕ್ಕನ ಫೋನು ಬಂತು.

"ಹೇಳು ಪದ್ದಿ. ಖರೇ ಹೇಳು."

"ಮೊದಲ ನಡುಗಿತು ಅಕ್ಕಾ. ಆಮ್ಯಾಲ ನಿಂತ್ತು."

ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ. ಆ ಮೊದಲನೆಯ ಮಾತು ಬಿಟ್ಟಿದ್ದರೆ ಏನಾಗುತ್ತಿತ್ತು? ಅಷ್ಟರಲ್ಲಿ ಅಕ್ಕನ ದನಿ ಬಂತು, ಅದರಲ್ಲಿ ನಗು ಇತ್ತು.

"ಇಲ್ಲಿ ಎಲ್ಲಾರೂ ಭಾಳ ಛಂದ ಅಂದ್ರು. ನಡುಗಿತು ಅಂತ ಒಬ್ಬರೂ ಅನ್ನಲಿಲ್ಲ. ನಡುಗಿದ್ದು ನನಗ ಗೊತ್ತದ. ಅದನ್ನ ನೀ ಹೇಳಿದಿ ಅಂದ್ರ, ನಿಂತದ್ದೂ ಖರೇನ. ತಂಬೂರಿ ಯಾರಿಗೂ ಕೊಡೂದಿಲ್ಲ ಬಿಡು."

ಎಲೆಯ ಮುಂದೆ ಕುಳಿತು ದೇವರಿಗೆ ಕೈ ಮುಗಿದೆ. ತಡವಾಗಿ ಬರುವ ಫೋನೂ ಅವನ ಕರುಣೆಯೇ. ಅದಕ್ಕೆ ಹಾಕಿದ ಶಾಪ ಹಿಂದೆ ತೆಗೆದುಕೊಂಡೆ. ಸತ್ಯ ಹೇಳುವ ಒಬ್ಬರು ಪ್ರತಿ ಮನೆಗೂ ಬೇಕು, ನಮ್ಮ ಮನೆತನಕ್ಕೆ ನಾನಿದ್ದೇನೆ ಎಂದು ಸ್ವಲ್ಪ ಉಬ್ಬಿಯೂ ಉಬ್ಬಿದೆ. ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪಿನ ಸುಳಿವೇ ಇರಲಿಲ್ಲ.

"ಭಾಳ ಛಂದ ಅಂದ್ರೆಲ್ರೀ!" ಎಂದು ನಮ್ಮವರನ್ನು ಕೇಳಿದೆ. ಅವರಿಗೆ ತಟ್ಟನೆ ಶಾಲೆಯ ನೆನಪಾಗಿ ಬಸ್ಸಿಗೆ ಹೊರಟರು. ಆದರೆ ಅತ್ತೆ? ಮದುವೆಯಾದ ಲಾಗಾಯ್ತು ನನ್ನ ಒಂದು ಹರಳು ಉಪ್ಪನ್ನೂ ಮಾಫ್ ಮಾಡದವರು ತುಟಿ ಬಿಚ್ಚದೆ ಉಂಡಿದ್ದರು.

"ಅತ್ತಿ, ಸಾರಿಗೆ ಉಪ್ಪೇ ಇದ್ದಿದ್ದಿಲ್ಲ. ನೀವರೆ ಯಾಕ ಹೇಳಲಿಲ್ಲರಿ?"

ಅತ್ತೆ ಬಾಗಿಲಿಗೆ ಒರಗಿಕೊಂಡು ಕಣ್ಣು ಮುಚ್ಚಿದರು. "ಒಂದು ದಿನಕ್ಕ ಎಷ್ಟು ಖರೇ ಬೇಕವಾ ನಿನಗ? ಉಪ್ಪು ಹಾಕ್ಕೊಂಡು ಉಣ್ಣು. ಉಂಡು ಆ ಕುಕ್ಕರು ತಿಕ್ಕು, ತಳಾ ಹಿಡದದ."

ತಳ ಹಿಡಿದದ್ದು ಖರೇ ಇತ್ತು. ಸೆರಗು ಸಿಗಿಸಿಕೊಂಡು, ಹುಣಸೆಹಣ್ಣು ತೆಗೆದುಕೊಂಡು ಹಿತ್ತಲಿಗೆ ಹೋದೆ.