ತಿಪ್ಪೇಶಿಯ ಉಕ್ಕಿನ ಗಾಡಿ

"ಲೇ ತಿಪ್ಪೇಶಿ, ಒಳಗಿಂದ ತೆಗೆಯಾಕೆ ಒಂದು ಹಿಡಿಕೆನಾದ್ರೂ ಇಟ್ಟಿಲ್ವೇನೋ?" ಪಂಕ್ಚರ್ ಅಂಗಡಿಯ ಯರ್ರಿಸ್ವಾಮಿ ಗಾಡಿಯ ಹಿಂಬಾಗಿಲಿಗೆ ಕಿವಿ ಹಚ್ಚಿ ಕೂಗಿದ.

"ಇಟ್ಟಿಲ್ಲ. ಒಳಗೆ ಹೊಕ್ಕ ಕಳ್ಳ ಹೊರಗೆ ಬರಬಾರದಲ್ಲ, ಅದಕ್ಕೆ," ಎಂದಿತು ಒಳಗಿನ ದನಿ, ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ.

"ಕಳ್ಳ ಇನ್ನೂ ಬಂದಿಲ್ಲ ಕಣೋ. ನೀನೇ ಹೊಕ್ಕಂಡೀಯಲ್ಲ!"

ನಡೆದದ್ದು ಇಷ್ಟು. ನ್ಯಾಮತಿಯ ಹೊನ್ನಾಳಿ ರಸ್ತೆಯಲ್ಲಿ 'ತಿಪ್ಪೇಶ್ ಬಾಡಿ ವರ್ಕ್ಸ್' ಇಟ್ಟಿದ್ದ ತಿಪ್ಪೇಶಿ ಬೆಳಿಗ್ಗೆ ಒಂಬತ್ತಕ್ಕೆ ತನ್ನ ಹೊಸ ಗಾಡಿಯೊಳಗೆ ಹತ್ತಿ ಬಾಗಿಲಿನ ರಬ್ಬರು ಒತ್ತುತ್ತಿದ್ದ. ಚಹಾದಂಗಡಿ ಸುಂಕಲಮ್ಮನ ಮೇಕೆ ಮೈ ತುರಿಸಿಕೊಳ್ಳಲೆಂದು ಬಾಗಿಲಿಗೆ ಒರಗಿತು. ಬಾಗಿಲು ಮುಚ್ಚಿತು. ಮುಚ್ಚಿದರೆ ತಾನಾಗಿ ಬೀಗ ಬೀಳುವ ಬಾಗಿಲು ಅದು. ಕೀಲಿ ತಿಪ್ಪೇಶಿಯ ಜೇಬಿನಲ್ಲೇ ಇತ್ತು, ಬೀಗ ಮಾತ್ರ ಹೊರಗಿತ್ತು. ಗಾಳಿಗೆಂದು ಕೊರೆದ ಕಿಂಡಿಗಳಲ್ಲಿ ಪೆನ್ಸಿಲ್ ತೂರೀತು; ಅಂಗೈಯಗಲದ ಆ ಕೀಲಿ ತೂರದು.

ಹಾಗೆ ನೋಡಿದರೆ ಅವನಿಗೆ ಸಿಕ್ಕಿಬಿದ್ದುದಕ್ಕಿಂತ ದೊಡ್ಡ ಚಿಂತೆಯಿತ್ತು. ದಾರಿಯಲ್ಲಿ ಅಡಿಕೆ ಮೂಟೆ ಕಳುವಾಗಿ ಸಾಕಾಗಿದ್ದ ಚನ್ನಗಿರಿಯ ಬೆಳೆಗಾರರ ಸಂಘದ ಬೆನಕಪ್ಪನವರು ಅಂದೇ ಹನ್ನೊಂದಕ್ಕೆ ಗಾಡಿ ನೋಡಲು ಬರುವವರಿದ್ದರು. ಒಪ್ಪಿದರೆ ಐದು ಗಾಡಿಗೆ ಆರ್ಡರು. ತಿಪ್ಪೇಶಿ ಹತ್ತು ತಿಂಗಳಿಂದ ಬೇರೆ ಕೆಲಸ ಹಿಡಿಯದೆ ಈ ಒಂದು ದಿನಕ್ಕಾಗಿ ಉಕ್ಕು ಬಡಿದಿದ್ದ.

ಯರ್ರಿಸ್ವಾಮಿ ಹಾರೆ ತಂದ. ತಿಪ್ಪೇಶಿಯ ನಾಲಿಗೆಯ ತುದಿಗೆ ಒಂದು ಮಾತು ಬಂತು. ಅದನ್ನು ನುಂಗಿಕೊಂಡು ಬೇರೆಯೇ ಹೇಳಿದ:

"ಮೀಟು! ಎಷ್ಟು ಬೇಕಾದ್ರೂ ಮೀಟು. ನಾನು ಸಿಕ್ಕಂಡಿಲ್ಲ, ಇದು ಪರೀಕ್ಷೆ. ಯಾರೂ ತೆಗೆಯಾಕಾಗಬಾರದು!"

ಹಾರೆ ಬಾಳೆಕಾಯಿಯಂತೆ ಬಾಗಿತು.

"ಗ್ಯಾಸ್ ಕಟರ್ ತರ್ಲಾ?"

"ಬ್ಯಾಡ ಮಾರಾಯ, ಹೋಳಿಗೆ ಬೇಯಿಸಿದಂಗೆ ಬೇಯಿಸಬ್ಯಾಡ!"

ಸುಂಕಲಮ್ಮ ಚಹಾ ಹಿಡಿದು ಬಂದಳು. "ತಮ್ಮಾ, ಬೆಳಿಗ್ಗೆಯಿಂದ ಚಹಾ ಇಲ್ಲಲ್ಲೋ," ಎಂದು ಎಳನೀರಿನ ನಳಿಕೆಯನ್ನು ಕಿಂಡಿಗೆ ತೂರಿಸಿ ಲೋಟದಿಂದ ಚಹಾ ಸುರಿದಳು. ಅರ್ಧ ಬಾಯಿಗೆ ಹೋಯಿತು, ಅರ್ಧ ಮೂಗಿಗೆ.

ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರ್ ನಿಲ್ಲಿಸಿ ಬಾಗಿಲಿಗೆ ಸರಪಳಿ ಬಿಗಿದರು. ಟ್ರ್ಯಾಕ್ಟರಿನ ಮುಂಗಾಲಿ ಮದುವೆಯ ಕುದುರೆಯಂತೆ ಮೇಲೆದ್ದಿತು. ಸರಪಳಿ ತುಂಡಾಯಿತು. ಬಾಗಿಲು ಕದಲಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಬೆನಕಪ್ಪನವರು ಕಾರಿನಿಂದಿಳಿದರು.

"ಶಭಾಷ್! ತಿಪ್ಪೇಶ್ ಎಲ್ರೀ?"

"ಒಳಗಿದೀನಿ ಯಜಮಾನ್ರೇ. ಪರೀಕ್ಷೆ ನಡದೈತೆ."

"ಪರೀಕ್ಷೆ ಚಲೋ ಐತೆ. ಆದ್ರೆ ಕಂಪನಿ ಇತಿಹಾಸ ಏನು ಅಂತ ನಮ್ಮ ಸಂಘದೋರು ಕೇಳ್ತಾರೆ. ಹೇಳ್ರಿ, ಬರ್ಕಂತೀನಿ."

ತಿಪ್ಪೇಶಿ ಕಿಂಡಿಗೆ ಬಾಯಿ ಹಚ್ಚಿದ. "ಹದಿನೆಂಟು ವರ್ಷದ ಹಿಂದೆ ಮನೆ ಬಾಗಿಲು ಮಾಡ್ತಿದ್ದೆ. ಜಗಳೂರು ಕಡೆಯ ಸೊಕ್ಕೆ ಊರಿನೋರೊಬ್ಬರು ಬಂದು, ಕರಡಿ ಕಾಟ, ಟ್ರ್ಯಾಕ್ಟರಿಗೆ ಕಬ್ಬಿಣದ ಪಂಜರ ಮಾಡ್ಕೊಡು ಅಂದ್ರು. ಮಾಡಿದೆ. ಕರಡಿ ಬಂದು ಮೂಸಿ ನೋಡಿ, ಬ್ಯಾಸರ ಮಾಡ್ಕಂಡು ಹೋತು."

"ಆಮ್ಯಾಲೆ?"

"ಬ್ಯಾಂಕಿನ ದುಡ್ಡು ಒಯ್ಯೋ ವ್ಯಾನು. ಸೂಳೆಕೆರೆ ಏರಿಯಿಂದ ಮೂರು ಪಲ್ಟಿ ಹೊಡೀತು. ಬಾಗಿಲು ತೆರೀಲಿಲ್ಲ."

"ಡ್ರೈವರು?"

"ಚೆನ್ನಾಗಿದಾನೆ. ಈಗ ತೊಟ್ಟಿಲು ತೂಗಾಕೂ ಹೆದರ್ತಾನೆ, ಅಷ್ಟೇ. ಏನು ಮಾಡಿದ್ರೂ ಯಜಮಾನ್ರೇ, ಮನೆ ಬಾಗಿಲು ಮಾಡಿದ ಕೈ ಇದು. ಆ ಅಚ್ಚುಕಟ್ಟು ಬಿಟ್ಟಿಲ್ಲ."

ಬೆನಕಪ್ಪನವರು ತಲೆದೂಗಿ ಆರ್ಡರಿನ ಕಾಗದವನ್ನು ಗಾಡಿಯ ಮೈಮೇಲೆ ಹರಡಿ ಪೆನ್ನು ತೆಗೆದರು. "ಐದು ಗಾಡಿ. ಸಹಿ ಹಾಕೇಬಿಡ್ತೀನಿ."

ಅಷ್ಟರಲ್ಲಿ ತಿಪ್ಪೇಶಿಯ ಹೆಂಡತಿ ಮಮತಾ ಬುತ್ತಿಚೀಲ ಹಿಡಿದು ಬಂದಳು. "ಏನ್ರೀ, ಹನ್ನೆರಡಾತು. ರೊಟ್ಟಿ ಆರ್ತಾವೆ."

"ಮಮತಾ, ನೀನು ಮನೆಗೆ ಹೋಗು!" ಬೆಳಿಗ್ಗೆಯಿಂದ ಮೊದಲ ಬಾರಿಗೆ ಒಳಗಿನ ದನಿ ನಡುಗಿತು.

ಮಮತಾ ಹೋಗಲಿಲ್ಲ. ಬಗ್ಗಿ ಬಾಗಿಲಿನ ಕೆಳಮೂಲೆಯ ಚಿಕ್ಕ ಗೂಡಿಗೆ ಕೈಹಾಕಿ, ಇನ್ನೊಂದು ಕೀಲಿ ತೆಗೆದು, ತಿರುವಿದಳು. ಬಾಗಿಲು ತುಪ್ಪ ಸವರಿದಂತೆ ತೆರೆಯಿತು. ಪಾತ್ರೆಯಿಂದ ಇಳಿಸಿದ ಇಡ್ಲಿಯಂತೆ ಹಬೆಯಾಡುತ್ತ ತಿಪ್ಪೇಶಿ ಹೊರಬಂದ.

"ಇಷ್ಟು ಜನದಾಗೆ ಯಾರಿಗೂ ಹೊಳೀಲಿಲ್ವಾ?" ಎಂದಳು ಮಮತಾ. "ಮನೆ ಬಾಗಿಲಿಗೆಲ್ಲ ಇವರು ಹಿಂಗೇ ಗೂಡು ಮಾಡೋದು. ಹೊಲಕ್ಕೆ ಹೋಗೋರು ಕೀಲಿ ಎಲ್ಲಿಡಬೇಕು ಮತ್ತೆ?"

ಯರ್ರಿಸ್ವಾಮಿ ಬಾಗಿದ ಹಾರೆಯನ್ನು ನೋಡಿದ, ತಿಪ್ಪೇಶಿಯನ್ನು ನೋಡಿದ. "ನಿಂಗೆ ಗೊತ್ತಿತ್ತೇನಲೇ?"

"ಒಂಬತ್ತು ಗಂಟೆಯಿಂದ್ಲೂ ಗೊತ್ತಿತ್ತು," ತಿಪ್ಪೇಶಿ ಬೆವರು ಒರೆಸಿಕೊಂಡ. "ಇವರ ಸಹಿ ಒಂದು ಬೀಳ್ಲಿ ಅಂತ ಕಾಯ್ತಿದ್ದೆ."

ಬೆನಕಪ್ಪನವರು ಪೆನ್ನಿಗೆ ಮುಚ್ಚಳ ಹಾಕಿದರು. "ಕಳ್ಳರೂ ಈ ಸೀಮೆಯೋರೇ ಕಣಪ್ಪಾ. ಅವರ ಮನೇಲೂ ಗೂಡು ಇರ್ತೈತೆ."

"ಗೂಡು ಇವತ್ತೇ ಮುಚ್ಚಿ ವೆಲ್ಡ್ ಮಾಡ್ತೀನಿ ಯಜಮಾನ್ರೇ! ಒಂದು ಗಂಟೆ ಕೆಲಸ!"

"ಮುಚ್ಚಿದ್ರೆ ನಮ್ಮ ಡ್ರೈವರು ಕೀಲಿ ಎಲ್ಲಿಡ್ತಾನ್ರೀ?"

ಬೆನಕಪ್ಪನವರು ಸಹಿಯಿಲ್ಲದ ಕಾಗದ ಮಡಚಿ ಜೇಬಿಗಿಟ್ಟು ತಮ್ಮ ಕಾರಿನತ್ತ ನಡೆದರು. ಬಗ್ಗಿ, ಮುಂದಿನ ಚಕ್ರದ ಮೇಲೆ ಕೈಯಾಡಿಸಿ, ಅಲ್ಲಿಟ್ಟಿದ್ದ ಕೀಲಿ ತೆಗೆದುಕೊಂಡು, ಬಾಗಿಲು ತೆರೆದು ಹೊರಟುಹೋದರು.